ಬಾಳೂರು ಸೀಮೆಯ ಭೂಪಟಗಳೂ ಅವುಗಳ ಉಲ್ಲೇಖಕ್ರಮವೂ

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯು ಕೊಟ್ಟಿಗೆಹಾರವನ್ನು ದಾಟಿ, ಕಾಫಿಯ ತೋಟಗಳ ನಡುವೆ ಬಾಳೂರು ಸೀಮೆಯನ್ನು ಹಾಯ್ದು, ಭದ್ರಾನದಿಯ ಕಣಿವೆಗೆ ಇಳಿಯುತ್ತದೆ. ಈ ಬೆಟ್ಟಗಳ ಮೇಲೆ ಬಿದ್ದ ಮಳೆಯು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಜಾವಳಿಯ ಬಳಿ ಹುಟ್ಟುವ ಹೇಮಾವತಿಯು ಕಾವೇರಿಯನ್ನು ಕೂಡುತ್ತದೆ. ಕಳಸವನ್ನು ಬಳಸಿ ಹರಿಯುವ ಭದ್ರೆಯು ತುಂಗೆಯೊಡನೆ ಬೆರೆತು ಕೃಷ್ಣೆಯನ್ನು ಸೇರುತ್ತದೆ. ಘಟ್ಟದ ಅಂಚಿನಿಂದ ಪಡುವಲಿಗೆ ಧುಮುಕುವ ಹಳ್ಳಗಳು ನೇತ್ರಾವತಿಯ ಪಾಲಾಗುತ್ತವೆ. ಇಂತಹ ಸೀಮೆಯಲ್ಲಿ ಯಾವ ಹಳ್ಳಿಯು ಯಾವ ನೀರಿನ ಇಳಿಜಾರಿನಲ್ಲಿತ್ತು, ಯಾವ ಕಾಡು ಯಾವ ನಾಡಿಗೆ ಸೇರಿತ್ತು, ಯಾವ ಕಣಿವೆಯ ದಾರಿ ಯಾವ ಕಾಲದಲ್ಲಿ ತೆರೆಯಿತು ಎಂಬುದನ್ನು ಅರಿಯಬೇಕಾದರೆ ಬರಿಯ ಬರವಣಿಗೆಯ ಆಧಾರಗಳು ಸಾಲವು. ಭೂಪಟದ ಸಾಕ್ಷ್ಯವೂ ಬೇಕು.

ಸಾಕ್ಷಿಯೆಂದ ಮೇಲೆ ಅದರ ಹೆಸರು, ವಯಸ್ಸು, ನೆಲೆ ಗೊತ್ತಿರಬೇಕಷ್ಟೆ. ಈ ವಿಷಯದಲ್ಲಿ ಕನ್ನಡ ನಾಡಿನ ಚರಿತ್ರೆಕಾರರು ಶಾಸನಗಳಿಗೆ ತೋರಿದ ಗೌರವವನ್ನು ಭೂಪಟಗಳಿಗೆ ತೋರಿಲ್ಲವೆಂದು ಒಪ್ಪಬೇಕಾಗುತ್ತದೆ. ಶಾಸನವೊಂದನ್ನು ಹೇಳುವಾಗ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ, ತಾಲ್ಲೂಕು, ಸಂಖ್ಯೆ ಇವಿಷ್ಟನ್ನೂ ಕೊಡದೆ ಯಾವ ವಿದ್ವಾಂಸರೂ ಮುಂದಕ್ಕೆ ಹೋಗುವುದಿಲ್ಲ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳದು. ಅದರಲ್ಲಿ ಕಳಸದ ಶಾಸನಗಳು ಮೂಡಿಗೆರೆ ತಾಲ್ಲೂಕಿನ ಸಂಖ್ಯೆಗಳಲ್ಲಿ ಬಂದಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದ ಬಳಿಕ, ಎಚ್ಚರವುಳ್ಳ ಲೇಖಕರು ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಜೊತೆಯಾಗಿ ಕೊಡುವ ವಾಡಿಕೆಯನ್ನಿಟ್ಟುಕೊಂಡರು. ಆದರೆ ಅದೇ ಲೇಖಕರು ಭೂಪಟದ ಮಾತು ಬಂದಾಗ "ಸರ್ವೇ ನಕ್ಷೆಯ ಪ್ರಕಾರ" ಎಂದು ಬರೆದು ಸುಮ್ಮನಾಗುವುದುಂಟು. ಯಾವ ನಕ್ಷೆ, ಯಾವ ವರುಷದ್ದು, ಎಷ್ಟನೆಯ ಹಾಳೆ, ಯಾವ ಪ್ರಮಾಣದ್ದು ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. ಈ ಪ್ರಶ್ನೆಗಳು ಪಂಡಿತರ ಕಾಲಹರಣವಲ್ಲ. ಈ ಸೀಮೆಯ ಅಳತೆಯ ಇತಿಹಾಸವನ್ನು ಮೊದಲಿಂದ ನೋಡಿದರೆ, ಅವುಗಳಲ್ಲಿ ಒಂದೊಂದೂ ಒಂದೊಂದು ನಿಜವಾದ ತೊಡಕಿನಿಂದ ಹುಟ್ಟಿದುದೆಂದು ಕಾಣುತ್ತದೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡವರಿಗೆ ತಾವು ಹಂಚಿಕೊಂಡ ನಾಡಿನ ಎಲ್ಲೆಗಳೇ ಸರಿಯಾಗಿ ತಿಳಿದಿರಲಿಲ್ಲ. ಆ ಕೊರತೆಯನ್ನು ತುಂಬಲು ಕಂಪೆನಿ ಸರ್ಕಾರವು ಕ್ಯಾಪ್ಟನ್ ಕಾಲಿನ್ ಮೆಕೆಂಝಿಯನ್ನು ಮೈಸೂರಿನ ಮೋಜಣಿಗೆ ನೇಮಿಸಿತು. ಆತನ ಕೆಲಸವು ಸುಮಾರು 1808ರ ವರೆಗೆ ನಡೆದು, ಹೆಚ್ಚುಕಡಿಮೆ 40,000 ಚದರ ಮೈಲಿಗಳ ನೆಲವನ್ನು ಒಳಗೊಂಡಿತು. ಕೆಲಸವು ಮೊದಲಾದಾಗ ಮಲೆನಾಡು ಶಾಂತವಾಗಿರಲಿಲ್ಲ. ನೆರೆಯ ಬಲಂ ಸೀಮೆಯ ಐಗೂರು ಪಾಳೆಯಗಾರನಾದ ವೆಂಕಟಾದ್ರಿ ನಾಯಕನು ಕಂಪೆನಿಯ ಸೈನ್ಯವನ್ನು ಎದುರಿಸಿ 1802ರಲ್ಲಿ ಗಲ್ಲಿಗೇರಿದನು. ಆ ಬಲಂ ಎಂಬ ಹೆಸರು ಅಂದಿನ ಇಂಗ್ಲಿಷ್ ಬರಹಗಳಲ್ಲಿ "ಬುಲ್ಲಂ" ಎಂದಾಗಿದೆ. ಇಂದಿನ ವಿದ್ಯಾರ್ಥಿಯೊಬ್ಬನು ಆ ಕಾಲದ ಪಟವೊಂದನ್ನು ಕಂಡು, ಅದರ ಶಿರೋನಾಮೆಯಲ್ಲಿನ ಹೆಸರನ್ನು ತಾನೇ ತಿದ್ದಿ ಬಲಂ ಎಂದು ತನ್ನ ಪಟ್ಟಿಯಲ್ಲಿ ಬರೆದರೆ, ಅದನ್ನು ಅನುಸರಿಸಿ ಗ್ರಂಥಭಂಡಾರದಲ್ಲಿ ಹುಡುಕುವ ಮತ್ತೊಬ್ಬನಿಗೆ ಆ ಪಟವು ಸಿಕ್ಕುವುದಿಲ್ಲ. ಆದುದರಿಂದ ಮೊದಲನೆಯ ನಿಯಮವಿದು: ಶಿರೋನಾಮೆಯನ್ನು ಪಟದ ಮೇಲೆ ಇರುವಂತೆಯೇ ಎತ್ತಿಕೊಳ್ಳಬೇಕು; ಇಂದಿನ ಹೆಸರನ್ನು ಬೇರೆ ಟಿಪ್ಪಣಿಯಲ್ಲಿ ಕೊಡಬೇಕು.

ಈ ಜಿಲ್ಲೆಯ ಹೆಸರೇ ಇದಕ್ಕೆ ಉತ್ತಮ ನಿದರ್ಶನ. 1947ರ ವರೆಗೆ ಇದು ಕಡೂರು ಜಿಲ್ಲೆ. ಇಂಗ್ಲಿಷಿನಲ್ಲಿ ಚಿಕ್‌ಮಗಳೂರ್ ಎಂದಿದ್ದ ಪಟ್ಟಣದ ಹೆಸರನ್ನು ಸರ್ಕಾರವು ಚಿಕ್ಕಮಗಳೂರು ಎಂದು ತಿದ್ದಿದುದು 2014ರ ನವೆಂಬರ್ 1ರಂದು. ರೈಸ್ ಅವರ ಗ್ಯಾಸೆಟಿಯರಿನಲ್ಲಿ ಮೂಡಿಗೆರೆಯು "ಮುಡ್ಗೆರೆ"ಯಾಗಿ ಕಾಣಿಸುತ್ತದೆ. ಹಿಂದೆ ಮೂಡಿಗೆರೆಗೆ ಸೇರಿದ್ದ ಕಳಸವು ಇತ್ತೀಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಬಾಳೂರಿನ ಇತಿಹಾಸವನ್ನು ಬರೆಯುವವರು ಚಿಕ್ಕಮಗಳೂರು ಎಂಬ ಒಂದೇ ಮಾತನ್ನು ಹಿಡಿದು ಹುಡುಕಿದರೆ, ಹತ್ತೊಂಬತ್ತನೆಯ ಶತಮಾನದ ಭೂಪಟಗಳಲ್ಲಿ ಅನೇಕವು ಕಣ್ಣಿಗೆ ಬೀಳವು.

ಮೆಕೆಂಝಿಯ ಕೆಲಸವು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಭೂಪಟದ ಕರ್ತೃ ಯಾರು? ಆ ಮೋಜಣಿಯಲ್ಲಿ ಜಾನ್ ಮಾದರ್, ಜಾನ್ ವಾರನ್ ಮೊದಲಾದವರು ಸಹಾಯಕರಾಗಿದ್ದರು. ಹಳ್ಳಿಗಳ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಹಾಕುವುದರಲ್ಲಿ ಕಾವಲಿ ವೆಂಕಟ ಬೊರ‍್ರಯ್ಯನೂ ಆತನ ತಮ್ಮನಾದ ಲಕ್ಷ್ಮಯ್ಯನೂ ಮುಂದಾಳುಗಳಾಗಿದ್ದರು. ಬೊರ‍್ರಯ್ಯನು 1803ರಲ್ಲಿಯೇ ತೀರಿಕೊಂಡನು. ಊರಿನ ಹೆಸರು, ಎಲ್ಲೆಯ ವಿವರ, ಹಿಂದಿನ ಒಡೆತನ ಇವೆಲ್ಲವನ್ನೂ ನಾಡವರ ಬಾಯಿಂದ ಕೇಳಿ ಬರೆಸಿಕೊಂಡವರು ಇಂಥವರು. ಪಟದ ಮೂಲೆಯಲ್ಲಿ ಉಳಿದುದು ಅಧಿಕಾರಿಯ ಹೆಸರು. ಪಟದ ಮೇಲೆ ಇಲ್ಲದ ಹೆಸರನ್ನು ಕರ್ತೃವಿನ ಸ್ಥಾನದಲ್ಲಿ ಸೇರಿಸುವುದು ನ್ಯಾಯವಲ್ಲ. ಆದರೆ ಬೇರೆ ದಾಖಲೆಗಳಿಂದ ಸಹಾಯಕರ ಹೆಸರು ಸಿದ್ಧಪಟ್ಟಿದ್ದರೆ ಅದನ್ನು ಟಿಪ್ಪಣಿಯಲ್ಲಿ ಹೇಳುವುದು ಋಣಸಂದಾಯವೆನಿಸುತ್ತದೆ. ಆರ್. ಎಚ್. ಫಿಲಿಮೋರ್ ಅವರು ಡೆಹರಾಡೂನಿನಿಂದ 1945ರಿಂದೀಚೆಗೆ ಪ್ರಕಟಿಸಿದ ಸರ್ವೇ ಇಲಾಖೆಯ ಇತಿಹಾಸದ ಸಂಪುಟಗಳಲ್ಲಿ ಇಂತಹ ವಿವರಗಳು ಹೇರಳವಾಗಿವೆ.

ಮೆಕೆಂಝಿಯು ನಾಡನ್ನು ತಿರುಗುತ್ತಿದ್ದ ಕಾಲದಲ್ಲಿಯೇ ವಿಲಿಯಂ ಲ್ಯಾಂಬ್ಟನ್ ಎಂಬಾತನು ತ್ರಿಕೋಣಮಿತಿಯ ಮೋಜಣಿಗೆ ತೊಡಗಿದನು. 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಅಳೆದು, 1802ರಲ್ಲಿ ಮದರಾಸಿನ ಬಳಿ ಮತ್ತೊಂದನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋಣಗಳನ್ನು ಹೂಡುತ್ತ ಪಡುವಣ ಕರಾವಳಿಯನ್ನು ಮುಟ್ಟಿದನು. ಮುಂದೆ ಭರತಖಂಡದ ಭೂಪಟಗಳಿಗೆಲ್ಲ ಈ ಜಾಲವೇ ಆಧಾರವಾಯಿತು. ಆ ಪಟಗಳಲ್ಲಿ ರೇಖಾಂಶವನ್ನು ಎಣಿಸುತ್ತಿದ್ದುದು ಮದರಾಸಿನ ವೇಧಶಾಲೆಯ ನೆಲೆಯಿಂದ. ಆ ವೇಧಶಾಲೆಯ ರೇಖಾಂಶವನ್ನು ಬಹುಕಾಲ 80 ಡಿಗ್ರಿ 17 ಮಿನಿಟು 21 ಸೆಕೆಂಡು ಎಂದು ನಂಬಿದ್ದರು. ಮುಂದೆ ಅದು 80 ಡಿಗ್ರಿ 14 ಮಿನಿಟು 54 ಸೆಕೆಂಡು ಎಂದು ಸಿದ್ಧಪಟ್ಟಿತು. ವ್ಯತ್ಯಾಸವು 2 ಮಿನಿಟು 27 ಸೆಕೆಂಡು. ಕಾಗದದ ಮೇಲೆ ಇದು ಅಲ್ಪ. ಆದರೆ ಬಾಳೂರಿನ ಅಕ್ಷಾಂಶದಲ್ಲಿ ಅದು ನೆಲದ ಮೇಲೆ ಸುಮಾರು 4.4 ಕಿಲೋಮೀಟರು ಆಗುತ್ತದೆ. ಹಳೆಯ ಹಾಳೆಯಿಂದ ಒಂದು ದೇವಾಲಯದ ರೇಖಾಂಶವನ್ನು ತೆಗೆದು, ತಿದ್ದದೆ ಇಂದಿನ ಪಟದ ಮೇಲೆ ಗುರುತಿಸಿದರೆ, ದೇವಾಲಯವು ಅಷ್ಟು ದೂರ ಮೂಡಲಿಗೆ ಸರಿದು ಬೇರೊಂದು ತೋಟದ ನಡುವೆ ನಿಲ್ಲುವುದು. ಹಳೆಯ ಹಾಳೆಗಳಲ್ಲಿ ಈ ತಿದ್ದುಪಡಿಯ ಟಿಪ್ಪಣಿಯನ್ನು ಅಂಚಿನಲ್ಲಿ ಅಚ್ಚುಮಾಡುತ್ತಿದ್ದರು. ಇಸವಿ, ಮುದ್ರಣ ಇವುಗಳನ್ನು ಉಲ್ಲೇಖದಲ್ಲಿ ಬಿಟ್ಟರೆ, ಯಾವ ಹಾಳೆಗೆ ತಿದ್ದುಪಡಿ ಬೇಕು, ಯಾವುದಕ್ಕೆ ಬೇಡ ಎಂಬುದು ಓದುಗನಿಗೆ ತಿಳಿಯುವ ಬಗೆಯೇ ಇಲ್ಲ.

1904-05ರ ಸಮಿತಿಯ ಶಿಫಾರಸಿನ ತರುವಾಯ ಸರ್ವೇ ಇಲಾಖೆಯು ಒಂದು ಮೈಲಿಗೆ ಒಂದು ಅಂಗುಲದ ಬಣ್ಣದ ಪಟಗಳ ಹೊಸ ಮಾಲೆಯನ್ನು ಕೈಗೊಂಡಿತು. ಇಂದಿಗೂ ಬಳಕೆಯಲ್ಲಿರುವ ಹಾಳೆಯ ಸಂಖ್ಯೆಗಳು ಆ ಏರ್ಪಾಡಿನವು. ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಕ್ಕೆ ಒಂದು ಅಂಕೆ. ಅದರೊಳಗಿನ ಒಂದೊಂದು ಡಿಗ್ರಿಗೆ ಒಂದೊಂದು ಅಕ್ಷರ. ಆ ಡಿಗ್ರಿಯ ಹದಿನಾರನೆಯ ಒಂದು ಪಾಲಿಗೆ, ಎಂದರೆ ಹದಿನೈದು ಮಿನಿಟುಗಳ ಹಾಳೆಗೆ, ಮತ್ತೊಂದು ಅಂಕೆ. ಈ ಲೆಕ್ಕದಲ್ಲಿ ಮೂಡಿಗೆರೆಯು 48 ಓ/12ರಲ್ಲಿಯೂ, ಕಳಸವು 48 ಓ/8ರಲ್ಲಿಯೂ, ಚಿಕ್ಕಮಗಳೂರು 48 ಓ/15ರಲ್ಲಿಯೂ ಬೀಳುತ್ತವೆ. ಜಿಲ್ಲೆಗೆ ಹಿಂದೆ ಹೆಸರು ಕೊಟ್ಟ ಕಡೂರು ಪಟ್ಟಣವೋ 76 ಡಿಗ್ರಿಯ ರೇಖೆಯಿಂದ ತುಸು ಮೂಡಲಿಗಿರುವುದರಿಂದ 48ನ್ನು ಬಿಟ್ಟು 57ನೆಯ ಚೌಕಕ್ಕೆ ಸೇರುತ್ತದೆ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವವನು ದಾರಿಯ ನಡುವೆ 75 ಡಿಗ್ರಿ 30 ಮಿನಿಟಿನ ರೇಖೆಯನ್ನು ದಾಟುತ್ತಾನೆ. ಒಂದು ಹಾಳೆ ಮುಗಿದು ಮತ್ತೊಂದು ಮೊದಲಾಗುವುದು ಅಲ್ಲಿಯೇ. ಎರಡು ಹಾಳೆಗಳನ್ನು ಬೇರೆ ಬೇರೆ ವರುಷಗಳಲ್ಲಿ ಅಳೆದಿರಬಹುದು, ಬೇರೆ ಬೇರೆ ವರುಷಗಳಲ್ಲಿ ತಿದ್ದಿರಬಹುದು. ಒಂದರಲ್ಲಿ ಕಾಣುವ ರಸ್ತೆ ಮತ್ತೊಂದರ ಅಂಚಿನಲ್ಲಿ ನಿಂತುಹೋದರೆ, ರಸ್ತೆಯೇ ಅಲ್ಲಿಗೆ ನಿಂತಿತ್ತೆಂದು ತಿಳಿಯಲಾಗದು. ಆದುದರಿಂದ ಹಾಳೆಯೊಂದಕ್ಕೆ ಒಂದೊಂದು ಪ್ರತ್ಯೇಕ ಉಲ್ಲೇಖ ಬೇಕು. "ಸರ್ವೇ ಇಲಾಖೆಯ ಪಟಗಳು" ಎಂದು ಒಟ್ಟಾಗಿ ಬರೆಯುವುದು ಸಲ್ಲದು.

ಪ್ರಮಾಣದ ಮಾತೂ ಹೀಗೆಯೇ. ಅಂಗುಲ-ಮೈಲಿಯ ಪಟದ ಪ್ರಮಾಣ 1:63,360. ದೇಶವು ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡ ಮೇಲೆ ಅದೇ ಹಾಳೆಗಳು 1:50,000ದ ಪ್ರಮಾಣದಲ್ಲಿ ಬಂದುವು. ಸಂಖ್ಯೆ ಮಾತ್ರ ಬದಲಾಗಲಿಲ್ಲ. 48 ಓ/8 ಎಂದಷ್ಟೇ ಬರೆದರೆ ಯಾವುದನ್ನು ಹೇಳಿದಂತಾಯಿತು? ಗ್ರಾಮದ ನಕ್ಷೆಗಳದು ಇನ್ನೊಂದು ಜಾತಿ. ಸರಪಳಿ ಹಿಡಿದು ಅಳೆದ ಕಂದಾಯದ ಮೋಜಣಿಯಲ್ಲಿ ಮೂವತ್ತಮೂರು ಅಡಿಯ ಚೌಕವೇ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಮೈಲಿಗೆ ಎಂಟು ಅಂಗುಲದ, ಎಂದರೆ 1:7,920ರ, ಗ್ರಾಮನಕ್ಷೆಯಲ್ಲಿ ಒಂದೊಂದು ಸರ್ವೇ ನಂಬರಿನ ಎಲ್ಲೆಯೂ ಗೋಚರಿಸುತ್ತದೆ. ಅಲ್ಲಿ ಕಾಣುವ ಚಿಕ್ಕ ಹಳ್ಳವು ಅಂಗುಲ-ಮೈಲಿಯ ಪಟದಲ್ಲಿ ಇಲ್ಲವೆಂದರೆ ಅದು ಬತ್ತಿತ್ತೆಂದಲ್ಲ. ಆ ಪ್ರಮಾಣದಲ್ಲಿ ಅದನ್ನು ಬರೆಯಲು ಎಡೆಯಿರಲಿಲ್ಲವೆಂದು ತಿಳಿಯಬೇಕು. ಕಾಡಿನ ಎಲ್ಲೆ, ತೋಟದ ಎಲ್ಲೆ, ಗೋಮಾಳದ ಎಲ್ಲೆ ಇವುಗಳ ಮೇಲೆ ಸಂಸಾರಗಳ ಜೀವನವೇ ನಿಂತಿರುವ ಈ ಬೆಟ್ಟಗಳಲ್ಲಿ, ಪ್ರಮಾಣವನ್ನು ಹೇಳದೆ ಭೂಪಟವನ್ನು ಸಾಕ್ಷಿಗೆ ಕರೆಯುವುದು ಅನ್ಯಾಯಕ್ಕೆ ದಾರಿಯಾಗಬಲ್ಲುದು.

2005ರ ರಾಷ್ಟ್ರೀಯ ಭೂಪಟ ನೀತಿಯು ಎರಡು ಮಾಲೆಗಳನ್ನು ಏರ್ಪಡಿಸಿತು: ಒಂದು ರಕ್ಷಣಾ ಇಲಾಖೆಯ ಉಪಯೋಗಕ್ಕೆ, ಇನ್ನೊಂದು ಸಾರ್ವಜನಿಕರಿಗೆ. ಸಾರ್ವಜನಿಕ ಮಾಲೆಗೆ ಓಪನ್ ಸೀರೀಸ್ ಮ್ಯಾಪ್ ಎಂದು ಹೆಸರು. ಇದರಲ್ಲಿ ಎವರೆಸ್ಟ್ ಗೋಲಮಾನವನ್ನು ಬಿಟ್ಟು ಜಗತ್ತಿಗೆಲ್ಲ ಸಾಮಾನ್ಯವಾದ 1984ರ ಮಾನವನ್ನು ಹಿಡಿದುದರಿಂದ, ಒಂದೇ ಸ್ಥಳದ ಅಂಕಿಗಳು ನೆಲದ ಮೇಲೆ ನೂರು ಮೀಟರಿಗೂ ಹೆಚ್ಚು ಸರಿಯುತ್ತವೆ. ಸಂಖ್ಯೆಯೂ ಬೇರೆಯಾಗಿ, ಹಿಂದಿನ 48 ಓ/8 ಎಂಬುದು ಡಿ 43 ಓ 8 ಎಂದಾಗಿದೆ. ಇದರ ಜೊತೆಗೆ ಮತ್ತೊಂದು ವಿಚಿತ್ರವಾದ ತೊಡಕು ಹುಟ್ಟಿತು. ಸರ್ಕಾರದ ಈ ಮಾಲೆಯನ್ನು ಜನರು ಸಂಕ್ಷೇಪವಾಗಿ ಓ.ಎಸ್.ಎಂ. ಎನ್ನುತ್ತಾರೆ, 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ, ಲೋಕದ ಸ್ವಯಂಸೇವಕರು ಕೂಡಿ ಬರೆಯುತ್ತಿರುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬುದಕ್ಕೂ ಅದೇ ಸಂಕ್ಷೇಪ. ಮೊದಲನೆಯದು ಇಲಾಖೆಯು ಅಳೆದು ಅಚ್ಚುಹಾಕಿದ ಹಾಳೆ. ಎರಡನೆಯದು ದಿನದಿನಕ್ಕೂ ತಿದ್ದಲ್ಪಡುವ ಪಟ. ಆಧಾರಗಳ ಪಟ್ಟಿಯಲ್ಲಿ ಮೂರಕ್ಷರವನ್ನು ಮಾತ್ರ ಬರೆದರೆ ಎರಡಕ್ಕೂ ಭೇದವೇ ಉಳಿಯದು. ಪೂರ್ಣನಾಮವನ್ನು ಬರೆಯಬೇಕು, ಎರಡನೆಯ ಜಾತಿಯ ಪಟಕ್ಕೆ ಅದನ್ನು ನೋಡಿದ ದಿನಾಂಕವೂ ಅಗತ್ಯ.

ಇಷ್ಟು ವಿವರಗಳನ್ನು ಕೈಬರಹದ ಚೀಟಿಗಳಲ್ಲಿ ಕಾಪಾಡುವುದು ಹಿಂದಿನ ಪದ್ಧತಿ. ಈಗ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಅದಕ್ಕೆಂದೇ ರಚಿಸಿದ ತಂತ್ರಾಂಶಗಳನ್ನು ಉಪಯೋಗಿಸುತ್ತಾರೆ. ಅವುಗಳಲ್ಲಿ ಝೊಟೇರೊ ಎಂಬುದು 2006ರಲ್ಲಿ ಅಮೆರಿಕೆಯ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದ ಇತಿಹಾಸ ಕೇಂದ್ರವೊಂದರಿಂದ ಹೊರಟು, ಬೆಲೆಯಿಲ್ಲದೆ ದೊರೆಯುತ್ತಿದೆ. ಅದರಲ್ಲಿ ಪುಸ್ತಕ, ಲೇಖನ, ಹಸ್ತಪ್ರತಿಗಳಂತೆ ಭೂಪಟಕ್ಕೂ ಬೇರೆಯೇ ಒಂದು ವರ್ಗವುಂಟು. ಶಿರೋನಾಮೆ, ಪಟಕರ್ತೃ, ಪಟದ ಬಗೆ, ಪ್ರಮಾಣ, ಮಾಲೆಯ ಹೆಸರು, ಆವೃತ್ತಿ, ಸ್ಥಳ, ಪ್ರಕಾಶಕರು, ದಿನಾಂಕ, ಇರುವ ಭಂಡಾರ, ಅಲ್ಲಿಯ ಗುರುತು, ನೋಡಿದ ದಿನ ಎಂಬ ಮನೆಗಳು ಅದರಲ್ಲಿವೆ. ಎರಡು ಶತಮಾನಗಳ ಮೋಜಣಿಯು ಕಲಿಸಿದ ಪಾಠಗಳೇ ಈ ಮನೆಗಳಾಗಿ ಬಂದಿವೆಯೆನ್ನಬಹುದು. ಎಂಡ್‌ನೋಟ್ ಎಂಬ ತಂತ್ರಾಂಶದಲ್ಲಿಯೂ ಭೂಪಟದ ವರ್ಗವಿದೆ; ಗಣಿತಜ್ಞರಿಗೆ ಪ್ರಿಯವಾದ ಬಿಬ್‌ಟೆಕ್ಸಿನ ಮೂಲವರ್ಗಗಳಲ್ಲಿ ಮಾತ್ರ ಅದಿಲ್ಲದೆ, ಭೂಪಟವನ್ನು "ಇತರ" ಎಂಬ ವರ್ಗಕ್ಕೆ ಸೇರಿಸಬೇಕಾಗುತ್ತದೆ.

ಯಂತ್ರವು ತನಗೆ ಕೊಟ್ಟುದನ್ನು ಜೋಡಿಸುತ್ತದೆಯೇ ಹೊರತು ವಿವೇಚಿಸುವುದಿಲ್ಲ. ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತವು ಕರ್ತೃವಿನ ಹೆಸರು. ಆ ಮನೆಯು ಪಾಶ್ಚಾತ್ಯರ ವಾಡಿಕೆಯಂತೆ ಕುಲನಾಮ, ಸ್ವನಾಮ ಎಂಬ ಎರಡು ಭಾಗಗಳಾಗಿದೆ. "ಸರ್ವೇ ಆಫ್ ಇಂಡಿಯಾ" ಎಂಬುದನ್ನು ಹಾಗೆಯೇ ಎರಡು ಭಾಗಮಾಡಿ ತುಂಬಿದರೆ, ಅಚ್ಚಿನಲ್ಲಿ ಅದು "ಇಂಡಿಯಾ, ಸರ್ವೇ ಆಫ್" ಎಂದು ಹೊರಬಂದು ಇಲಾಖೆಯು ಒಬ್ಬ ವ್ಯಕ್ತಿಯಾಗಿಬಿಡುತ್ತದೆ. ಮನೆಯ ಪಕ್ಕದ ಗುರುತನ್ನೊತ್ತಿ ಎರಡು ಭಾಗಗಳನ್ನು ಒಂದುಮಾಡಿಕೊಂಡರೆ ದೋಷವು ನೀಗುವುದು. ಕಾವಲಿ ವೆಂಕಟ ಬೊರ‍್ರಯ್ಯನ ಹೆಸರಿನಲ್ಲಿಯೂ ಇದೇ ಅಪಾಯ: ಕಾವಲಿ ಎಂಬುದು ಮನೆತನದ ಹೆಸರು, ಯಂತ್ರದ ರೂಢಿಯೋ ಕೊನೆಯ ಪದವನ್ನು ಕುಲನಾಮವೆಂದು ಎಣಿಸುವುದು.

ಎರಡನೆಯ ತೊಡಕು ದಿನಾಂಕದ್ದು. ಸರ್ವೇ ಹಾಳೆಯೊಂದರಲ್ಲಿ ಅಳೆದ ವರುಷ, ಅಚ್ಚಾದ ವರುಷ, ಪುನರ್ಮುದ್ರಣದ ವರುಷ ಎಂದು ಮೂರು ಇಸವಿಗಳಿರಬಹುದು. ತಂತ್ರಾಂಶದಲ್ಲಿ ದಿನಾಂಕದ ಮನೆ ಒಂದೇ. ಅದರಲ್ಲಿ ಕೈಯಲ್ಲಿರುವ ಪ್ರತಿಯು ಅಚ್ಚಾದ ವರುಷವನ್ನು ಬರೆದು, ಎಷ್ಟನೆಯ ಮುದ್ರಣವೆಂಬುದನ್ನು ಆವೃತ್ತಿಯ ಮನೆಯಲ್ಲಿಯೂ, ಅಳೆದ ವರುಷವನ್ನು "ಹೆಚ್ಚಿನ ವಿಷಯ" ಎಂಬ ಮನೆಯಲ್ಲಿಯೂ ಇಡುವುದು ಯೋಗ್ಯ. ಚರಿತ್ರೆಕಾರನಿಗೆ ಮುಖ್ಯವಾದುದು ಅಳೆದ ವರುಷವೇ. ಏಕೆಂದರೆ ಪಟವು ಸಾಕ್ಷಿ ಹೇಳುವುದು ಆ ವರುಷದ ನೆಲದ ಬಗೆಗೆ. ಮೂರನೆಯ ತೊಡಕು ಪ್ರಮಾಣದ್ದು. ಪ್ರಮಾಣವನ್ನು ಸರಿಯಾಗಿ ತುಂಬಿದ್ದರೂ, ಆಯ್ದುಕೊಂಡ ಉಲ್ಲೇಖಶೈಲಿಯು ಅದನ್ನು ಅಚ್ಚಿಗೆ ತಾರದಿರಬಹುದು. ಅಮೆರಿಕೆಯ ಮನಶ್ಶಾಸ್ತ್ರ ಸಂಘದ ಶೈಲಿಯು ಶಿರೋನಾಮೆಯ ಬಳಿಕ ಕಂಸದಲ್ಲಿ ಭೂಪಟವೆಂದು ಹೇಳಿ ತೃಪ್ತವಾಗುತ್ತದೆ. ಪಟ್ಟಿಯು ಸಿದ್ಧವಾದ ಮೇಲೆ ಒಮ್ಮೆ ಕಣ್ಣಿಟ್ಟು ಓದಿ, ಬಿಟ್ಟುಹೋದ ಪ್ರಮಾಣವನ್ನು ಅಡಿಟಿಪ್ಪಣಿಯಲ್ಲಾದರೂ ಸೇರಿಸಬೇಕು.

ಕಳಸದ ಹಾಳೆಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಕ್ರಮವು ಸ್ಪಷ್ಟವಾಗುವುದು. ಕರ್ತೃವಿನ ಮನೆಯಲ್ಲಿ ಒಂದೇ ಭಾಗವಾಗಿ ಸರ್ವೇ ಆಫ್ ಇಂಡಿಯಾ. ಶಿರೋನಾಮೆಯಲ್ಲಿ ಹಾಳೆಯ ಮೇಲಿರುವ ಹೆಸರೂ 48 ಓ/8 ಎಂಬ ಸಂಖ್ಯೆಯೂ. ಬಗೆಯಲ್ಲಿ ಸ್ಥಳವಿವರಣ ಪಟ. ಪ್ರಮಾಣದಲ್ಲಿ 1:63,360 ಅಥವಾ 1:50,000, ಪ್ರತಿಯಲ್ಲಿದ್ದಂತೆ. ಬಳಿಕ ಆವೃತ್ತಿ, ಸ್ಥಳ, ಪ್ರಕಾಶಕರು, ವರುಷ. ಕಡೆಗೆ ಆ ಪ್ರತಿಯು ಇರುವ ಭಂಡಾರ ಮತ್ತು ಅಲ್ಲಿಯ ಗುರುತು. ಪಟವು ಪುಸ್ತಕದೊಳಗೆ ಮಡಿಚಿಟ್ಟುದಾದರೆ ಪುಸ್ತಕದ ವಿವರವನ್ನೂ ಪಟವಿರುವ ಪುಟವನ್ನೂ ಕೊಡಬೇಕು. ಅಚ್ಚಾಗದ ಕೈಬರಹದ ಪಟವಾದರೆ ಪ್ರಕಾಶಕರ ಸ್ಥಾನವು ಬರಿದಾಗಿರಲಿ; ಅದನ್ನು ಎಲ್ಲಿ, ಯಾವ ಕಟ್ಟಿನಲ್ಲಿ ಕಂಡುದೆಂಬುದು ಮಾತ್ರ ತಪ್ಪದಿರಲಿ.

ಈ ಕೊನೆಯ ಮಾತು ಮಲೆನಾಡಿನ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸರ್ವೇ ಇಲಾಖೆಯ ಅಚ್ಚಿನ ಹಾಳೆಗಳು ಡೆಹರಾಡೂನಿನಲ್ಲಿಯೂ ದೊಡ್ಡ ಗ್ರಂಥಭಂಡಾರಗಳಲ್ಲಿಯೂ ಉಳಿದುಕೊಳ್ಳುತ್ತವೆ. ಸಾರ್ವಜನಿಕ ಮಾಲೆಯ ಪಟಗಳನ್ನು 2017ರಿಂದ ಇಲಾಖೆಯೇ ಜಾಲತಾಣದ ಮೂಲಕ ಕೊಡುತ್ತಿದೆ. ಆದರೆ ತೋಟದ ಮನೆಯ ಪೆಟ್ಟಿಗೆಯಲ್ಲಿ, ಕ್ರಯಪತ್ರಗಳ ನಡುವೆ ಮಡಿಚಿಟ್ಟ ಬಟ್ಟೆಯ ಮೇಲಿನ ನಕ್ಷೆಗೆ ಎರಡನೆಯ ಪ್ರತಿಯೇ ಇಲ್ಲದಿರಬಹುದು. ಗದ್ದೆಯ ಬಯಲು, ದೇವರ ಕಾಡು, ಹಳೆಯ ಗೇಟಿನ ದಾರಿ, ಈಗ ಮನೆಗಳಿಲ್ಲದ ಬೇಚರಾಕ್ ಊರು ಇವುಗಳ ಹೆಸರು ಅಂತಹ ಪಟದಲ್ಲಿ ಮಾತ್ರ ಉಳಿದಿರುವುದೂ ಉಂಟು. ಮಳೆಗಾಲದ ತಂಪಿಗೆ ಕಾಗದವು ಕರಗುವ ಮುನ್ನ ಅದರ ಪ್ರತಿಯನ್ನು ತೆಗೆದು, ಮೇಲೆ ಹೇಳಿದ ಒಂದೊಂದು ಮನೆಯನ್ನೂ ತುಂಬಿ, ಒಡೆಯರ ಒಪ್ಪಿಗೆಯೊಡನೆ ಗುರುತನ್ನು ಬರೆದಿಟ್ಟರೆ, ಮುಂದೆ ಬಾಳೂರು ಸೀಮೆಯ ಚರಿತ್ರೆಯನ್ನು ಬರೆಯುವವರು ಅದೇ ಪಟವನ್ನು ಮತ್ತೆ ಹುಡುಕಿ ತೆಗೆದು, ಹಿಂದಿನವರು ಓದಿದುದು ಸರಿಯೇ ತಪ್ಪೇ ಎಂದು ತಾವೇ ನೋಡಿಕೊಳ್ಳುವರು.